ಟೈಟಾನಿಯಂ ಉಂಗುರದಲ್ಲಿ ಹರಳು ನಿಲ್ಲುವ ಬಗೆ

ಇತ್ತೀಚೆಗೆ ಬಂಧುಗಳ ಮನೆಯ ನಿಶ್ಚಿತಾರ್ಥವೊಂದರಲ್ಲಿ ವರನ ಬೆರಳಿನ ಬೂದುಬಣ್ಣದ ಉಂಗುರವನ್ನು ಕಂಡ ಹಿರಿಯರೊಬ್ಬರು "ಇದೇನು, ಉಕ್ಕಿನದೇ?" ಎಂದು ಕೇಳಿದರು. ಟೈಟಾನಿಯಂ ಎಂದು ತಿಳಿದ ಮೇಲೆ ಅವರ ಮುಂದಿನ ಪ್ರಶ್ನೆ: "ಹರಳು ಸಡಿಲವಾದರೆ ನಮ್ಮ ಅಕ್ಕಸಾಲಿಗರು ಸರಿಪಡಿಸಬಲ್ಲರೇ?" ಇಂಥ ಉಂಗುರವನ್ನು ಕೊಳ್ಳುವ ಪ್ರತಿಯೊಬ್ಬರೂ ಮೊದಲು ಕೇಳಬೇಕಾದ ಪ್ರಶ್ನೆಯಿದು.

1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ವಿಲಿಯಂ ಗ್ರೆಗರ್ ತೊರೆಯೊಂದರ ಕಪ್ಪು ಮರಳಿನಲ್ಲಿ ಈ ಧಾತುವನ್ನು ಗುರುತಿಸಿದರು. 1795ರಲ್ಲಿ ಜರ್ಮನಿಯ ಕ್ಲಾಪ್ರೋತ್ ಅದಕ್ಕೆ ಗ್ರೀಕ್ ಪುರಾಣದ ಟೈಟನ್‌ರ ಹೆಸರನ್ನಿತ್ತರು. ನಮ್ಮ ದೇಶದಲ್ಲಿ ಕೇರಳದ ಚವರ ಕಡಲತೀರದ ಮರಳಿನಲ್ಲಿ ಇದರ ಅದಿರು ಹೇರಳವಾಗಿದೆ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗಿದರೆ ಟೈಟಾನಿಯಂ ತೂಗುವುದು ಸುಮಾರು 4.5 ಗ್ರಾಂ ಮಾತ್ರ. ಹಗುರವಾದರೂ ಬಲಶಾಲಿ, ತುಕ್ಕು ಹಿಡಿಯದು.

ಆದರೆ ಚಿನ್ನದ ಕೆಲಸದ ರೀತಿ ಇದಕ್ಕೆ ಸಲ್ಲದು. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಟೈಟಾನಿಯಂ 1668ರಲ್ಲಿ. ಅಲ್ಲದೆ ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುತ್ತದೆ. ಆದುದರಿಂದ ಊದುಕೊಳವೆಯ ಬೆಸುಗೆ ಇಲ್ಲಿ ನಡೆಯದು. ಆರ್ಗಾನ್ ಅನಿಲದ ರಕ್ಷಣೆಯಲ್ಲಿ ವಿದ್ಯುತ್ ಅಥವಾ ಲೇಸರ್ ಬೆಸುಗೆಯೇ ಬೇಕು. ಬಾಗಿಸಿದರೆ ಮತ್ತೆ ಹಿಂದಕ್ಕೆ ಪುಟಿಯುವ ಗುಣವೂ ಇರುವುದರಿಂದ, ಹರಳನ್ನು ಹಿಡಿಯುವ ತೆಳುವಾದ ಉಗುರುಗಳನ್ನು ಇದರಲ್ಲಿ ಮಾಡುವುದು ಕಷ್ಟ.

ಹಾಗಾಗಿ ಮುಖ್ಯವಾಗಿ ಮೂರು ಬಗೆಗಳು ಬಳಕೆಯಲ್ಲಿವೆ. ಮೊದಲನೆಯದು, ಉಂಗುರದಲ್ಲಿ ಕುಳಿ ಕೊರೆದು ಚಿನ್ನ ಅಥವಾ ಪ್ಲಾಟಿನಂನ ಪುಟ್ಟ ಗೂಡನ್ನು ಬಿಗಿಯಾಗಿ ಕೂರಿಸಿ, ಅದರೊಳಗೆ ಹರಳನ್ನು ಕಟ್ಟುವುದು. ಹರಳು ಸಡಿಲವಾದರೆ ಪರಿಚಿತ ಅಕ್ಕಸಾಲಿಗರೇ ಬಿಗಿಗೊಳಿಸಬಹುದು. ಎರಡನೆಯದು, ಉಂಗುರದ ಮೈಯಲ್ಲೇ ಹರಳನ್ನು ಹುದುಗಿಸಿ ಸುತ್ತಲಿನ ಲೋಹದ ಅಂಚನ್ನು ಅದರ ಮೇಲೆ ಒತ್ತುವುದು. ಇದಕ್ಕೆ ಮೃದುವಾದ ಶುದ್ಧ ಟೈಟಾನಿಯಂ ಉತ್ತಮ. ಸದಾ ಕೈಕೆಲಸ ಮಾಡುವವರಿಗೆ ಅನುಕೂಲ.

ಮೂರನೆಯದು ಒತ್ತಡದ ಜೋಡಣೆ. ಉಂಗುರವನ್ನು ಒಂದೆಡೆ ಕತ್ತರಿಸಿ, ಎರಡು ತುದಿಗಳಲ್ಲೂ ಸೂಕ್ಷ್ಮವಾದ ಗೀರು ಕೊರೆಯುತ್ತಾರೆ. ಬಳಿಕ ತುದಿಗಳನ್ನು ತುಸು ಅಗಲಿಸಿ ಹರಳನ್ನಿಟ್ಟು ಬಿಡುತ್ತಾರೆ. ಲೋಹ ಪುಟಿದು ಹರಳನ್ನು ಅಮುಕಿ ಹಿಡಿಯುತ್ತದೆ. ಬೇರೆಡೆ ತೊಡಕಾದ ಪುಟಿಯುವ ಗುಣವೇ ಇಲ್ಲಿ ಆಸರೆ. ಇದಕ್ಕೆ ಅಲ್ಯುಮಿನಿಯಂ, ವನೇಡಿಯಂ ಬೆರೆತ ಗಟ್ಟಿ ಮಿಶ್ರಲೋಹ ಬೇಕು. ಕಾಠಿಣ್ಯದ ಮಾನದಲ್ಲಿ 10 ಇರುವ ವಜ್ರ, 9 ಇರುವ ಮಾಣಿಕ್ಯ ಮತ್ತು ನೀಲ ಈ ಒತ್ತಡವನ್ನು ತಾಳಬಲ್ಲವು. ಒಳಬಿರುಕುಗಳಿರುವ ಪಚ್ಚೆ ಒಡೆಯಬಹುದು. ಮುತ್ತು, ಹವಳಗಳ ಮಾತಂತೂ ಬೇಡ.

ಕೊಳ್ಳುವ ಮುನ್ನ ಇನ್ನೂ ಮೂರು ಸಂಗತಿಗಳನ್ನು ಗಮನಿಸಬೇಕು. ಮದುವೆಯ ದಿನದ ಬೆರಳು ಐವತ್ತರ ವಯಸ್ಸಿನಲ್ಲಿ ಹಾಗೆಯೇ ಇರದು. ಈ ಉಂಗುರದ ಅಳತೆಯನ್ನು ಹೆಚ್ಚು ಬದಲಿಸಲಾಗದು. ಅಳತೆ ಬದಲಾದಾಗ ಹೊಸದನ್ನು ಕೊಡುವರೇ ಎಂದು ಮಾರುವವರನ್ನು ಮೊದಲೇ ಕೇಳಬೇಕು. ಎರಡನೆಯದಾಗಿ, ಬೆರಳು ಊದಿಕೊಂಡಾಗ ಟೈಟಾನಿಯಂ ಉಂಗುರವನ್ನು ಕತ್ತರಿಸಲಾಗದೆಂಬ ಮಾತು ನಿಜವಲ್ಲ. ತಕ್ಕ ಉಪಕರಣದಿಂದ ಕತ್ತರಿಸಬಹುದು, ಚಿನ್ನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ. ಬೆರಳು ಬಾಯುವ ಸೂಚನೆ ಕಂಡೊಡನೆ ಉಂಗುರವನ್ನು ಕಳಚಿಡುವುದು ಒಳಿತು. ಕೊನೆಯದಾಗಿ, ಬ್ಯಾಂಕಿನಲ್ಲಿ ಮೂರು ದಶಕ ಕಳೆದವನಾಗಿ ಹೇಳುವುದಾದರೆ, ಕಷ್ಟಕಾಲದಲ್ಲಿ ಚಿನ್ನದಂತೆ ಇದನ್ನು ಅಡವಿಡಲಾಗದು. ಇದರಲ್ಲಿ ಬೆಲೆಯಿರುವುದು ಕೆಲಸಕ್ಕೆ ಮತ್ತು ಹರಳಿಗೆ.

ಇಷ್ಟನ್ನು ತಿಳಿದು ಮಕ್ಕಳು ಈ ಉಂಗುರವನ್ನೇ ಮೆಚ್ಚಿದರೆ ಹಿರಿಯರು ಹಿಂಜರಿಯಬೇಕಾಗಿಲ್ಲ. ಆದರೆ ಲೋಹದ ಹೊಳಪನ್ನು ನೋಡುವ ಮೊದಲು ಹರಳು ಯಾವ ಬಗೆಯಲ್ಲಿ ನಿಂತಿದೆ ಎಂಬುದನ್ನು ನೋಡುವುದು ಲೇಸು.