ಏರ್ ಜೋರ್ಡನ್: ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಕಾಣದ ಆಸ್ತಿ

ಕ್ರೀಡಾಪಟುವಿನ ಹೆಸರಿನಲ್ಲಿ ಪಾದರಕ್ಷೆ ಮಾರುವ ಪದ್ಧತಿ ಅಮೆರಿಕದ ವಾಣಿಜ್ಯ ಕ್ಷೇತ್ರಕ್ಕೆ ಹೊಸದಲ್ಲ. ಕನ್ವರ್ಸ್ ಕಂಪನಿಯು ತನ್ನ ಮಾರಾಟ ಪ್ರತಿನಿಧಿಯೂ ಬ್ಯಾಸ್ಕೆಟ್‌ಬಾಲ್ ಆಟಗಾರರೂ ಆಗಿದ್ದ ಚಕ್ ಟೇಲರ್ ಅವರ ಸಹಿಯನ್ನು 1930ರ ದಶಕದಲ್ಲಿಯೇ ತನ್ನ ಕ್ಯಾನ್‌ವಾಸ್ ಬೂಟುಗಳ ಮೇಲೆ ಅಚ್ಚು ಹಾಕಿಸಿತ್ತು. ಆ ಬೂಟುಗಳು ಕೋಟಿಗಟ್ಟಲೆ ಜೊತೆ ಮಾರಾಟವಾದವು. ಟೇಲರ್ ಅವರು ಮಾತ್ರ ಸಂಬಳದ ನೌಕರರಾಗಿಯೇ ಉಳಿದರು. 1973ರಲ್ಲಿ ಪ್ಯೂಮಾ ಕಂಪನಿಯು ವಾಲ್ಟ್ ಫ್ರೇಜಿಯರ್ ಅವರ ಅಡ್ಡಹೆಸರಾದ ‘ಕ್ಲೈಡ್’ ಎಂಬ ಹೆಸರಿನಲ್ಲಿ ಬೂಟನ್ನು ಹೊರತಂದಿತು. ಈ ಉದಾಹರಣೆಗಳಲ್ಲಿ ಆಟಗಾರನ ಹೆಸರು ಸರಕಿನ ಮೇಲೆ ಅಂಟಿಸಿದ ಚೀಟಿಯಂತಿತ್ತು. ಹೆಸರೇ ಒಂದು ಉದ್ಯಮವಾಗಿ ಬೆಳೆದದ್ದು 1984ರಲ್ಲಿ ನೈಕಿ ಕಂಪನಿ ಮತ್ತು ಮೈಕೆಲ್ ಜೋರ್ಡನ್ ಅವರ ನಡುವೆ ಏರ್ಪಟ್ಟ ಒಪ್ಪಂದದ ಫಲವಾಗಿ. ಜೋರ್ಡನ್ ಅವರು 2003ರಲ್ಲಿ ಕೊನೆಯ ಪಂದ್ಯವನ್ನಾಡಿ ಅಂಕಣದಿಂದ ಹೊರನಡೆದರು. ಅವರ ಹೆಸರಿನ ಪಾದರಕ್ಷೆಗಳ ವಹಿವಾಟು ಅದಾದ ಮೇಲೆಯೇ ಹಲವು ಪಟ್ಟು ಹಿಗ್ಗಿತು.

ಒಪ್ಪಂದದ ಸ್ವರೂಪ

1984ರಲ್ಲಿ ನೈಕಿಯ ಸ್ಥಿತಿ ಅಷ್ಟೇನೂ ಉತ್ತಮವಾಗಿರಲಿಲ್ಲ. ಓಟದ ಹವ್ಯಾಸದ ಅಲೆ ತಗ್ಗಿತ್ತು. ಏರೋಬಿಕ್ಸ್ ವ್ಯಾಯಾಮದ ಬೂಟುಗಳಿಂದ ರೀಬಾಕ್ ಮುನ್ನುಗ್ಗುತ್ತಿತ್ತು. ಕಂಪನಿಯ ಲಾಭ ಕುಗ್ಗಿತ್ತು. ಬ್ಯಾಸ್ಕೆಟ್‌ಬಾಲ್ ಕ್ಷೇತ್ರದಲ್ಲಿ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಅವರಂತಹ ಘಟಾನುಘಟಿಗಳು ಕನ್ವರ್ಸ್ ಪಾಳಯದಲ್ಲಿದ್ದರು. ನೈಕಿಯ ಸಂಸ್ಥಾಪಕರಲ್ಲೊಬ್ಬರಾದ ಫಿಲ್ ನೈಟ್ ಅವರು ಮೂಲತಃ ಲೆಕ್ಕಪರಿಶೋಧಕರು. ಪ್ರೈಸ್ ವಾಟರ್‌ಹೌಸ್ ಸಂಸ್ಥೆಯಲ್ಲಿ ದುಡಿದು, ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಬೋಧಿಸಿದವರು. ವೃತ್ತಿಬಾಂಧವರಿಗೆ ಇದು ಸಂತೋಷದ ವಿಷಯವಾಗಬಹುದಾದರೂ, 21 ವರ್ಷದ, ಒಂದೂ ವೃತ್ತಿಪರ ಪಂದ್ಯವನ್ನಾಡದ ಯುವಕನ ಮೇಲೆ ಅಷ್ಟು ದೊಡ್ಡ ಮೊತ್ತ ಹೂಡುವುದು ಲೆಕ್ಕಪರಿಶೋಧಕನ ಸ್ವಭಾವಕ್ಕೆ ಒಗ್ಗುವಂತಹುದಲ್ಲ.

ಜೋರ್ಡನ್ ಅವರ ಒಲವು ಅಡಿಡಾಸ್ ಕಡೆಗಿತ್ತು. ತಾಯಿ ಡೆಲೋರಿಸ್ ಅವರ ಒತ್ತಾಯದ ಮೇರೆಗೆ ಅವರು ಆರೆಗಾನ್ ರಾಜ್ಯದಲ್ಲಿರುವ ನೈಕಿ ಕಚೇರಿಗೆ ಹೋದರು. ಪ್ರತಿನಿಧಿ ಡೇವಿಡ್ ಫಾಕ್ ಅವರ ಬೇಡಿಕೆ ಆಟಗಾರನಿಗೆ ಪ್ರತ್ಯೇಕ ಪಾದರಕ್ಷೆ ಶ್ರೇಣಿಯೇ ಇರಬೇಕೆಂಬುದಾಗಿತ್ತು. ‘ಏರ್ ಜೋರ್ಡನ್’ ಎಂಬ ಹೆಸರನ್ನು ಸೂಚಿಸಿದವರೂ ಅವರೇ. ಐದು ವರ್ಷಗಳ ಅವಧಿಗೆ ವರ್ಷಕ್ಕೆ ಸುಮಾರು 5 ಲಕ್ಷ ಡಾಲರ್, ಅದರ ಮೇಲೆ ಮಾರಾಟದ ಆಧಾರದಲ್ಲಿ ರಾಜಧನ, ಅಂದರೆ ರಾಯಲ್ಟಿ ಎಂದು ನಿಗದಿಯಾಯಿತು.

ಒಪ್ಪಂದದ ತಿರುಳಿರುವುದು ಈ ಎರಡನೆಯ ಭಾಗದಲ್ಲಿ. ಜಮೀನನ್ನು ಗುತ್ತಿಗೆಗೆ ಕೊಡುವುದಕ್ಕೂ ಕೋರಿಗೆ ಕೊಡುವುದಕ್ಕೂ ಇರುವ ವ್ಯತ್ಯಾಸ ನಮ್ಮ ಕೃಷಿಕರಿಗೆ ತಿಳಿಯದ್ದಲ್ಲ. ಗುತ್ತಿಗೆಯಲ್ಲಿ ಬೆಳೆ ಬಂದರೂ ಬಾರದಿದ್ದರೂ ಮೊತ್ತ ಒಂದೇ. ಕೋರಿನಲ್ಲಿ ಬೆಳೆಯ ಏಳುಬೀಳಿನಲ್ಲಿ ಇಬ್ಬರಿಗೂ ಪಾಲಿದೆ. ಸಾಮಾನ್ಯ ಜಾಹೀರಾತು ಒಪ್ಪಂದ ಗುತ್ತಿಗೆಯಂತಹುದು. ಜೋರ್ಡನ್ ಅವರ ಒಪ್ಪಂದದಲ್ಲಿ ಗುತ್ತಿಗೆ ಮತ್ತು ಕೋರು ಎರಡೂ ಸೇರಿದ್ದವು. ಕಂಪನಿಗೆ ಸ್ಥಿರ ವೆಚ್ಚದ ಹೊರೆ ಮಿತಿಯಲ್ಲಿ ಉಳಿಯಿತು. ಆಟಗಾರನಿಗೆ ಬೂಟಿನ ವಿನ್ಯಾಸ, ಗುಣಮಟ್ಟ, ಮಾರಾಟಗಳಲ್ಲಿ ನೇರವಾದ ಹಿತಾಸಕ್ತಿ ಹುಟ್ಟಿತು. ಹದಿನೈದು ಋತುಗಳಲ್ಲಿ ಎನ್‌ಬಿಎ ಆಟದಿಂದ ಜೋರ್ಡನ್ ಅವರು ಗಳಿಸಿದ ಒಟ್ಟು ಸಂಬಳ ಸುಮಾರು 9.4 ಕೋಟಿ ಡಾಲರ್. ಕೋರಿನ ಪಾಲು ಇದನ್ನು ಎಂದೋ ಹಿಂದೆ ಹಾಕಿತು.

ನಾಲ್ಕನೆಯ ವರ್ಷದ ಕೊನೆಗೆ 30 ಲಕ್ಷ ಡಾಲರ್ ಮಾರಾಟವಾದರೆ ಸಾಕೆಂದು ನೈಕಿ ನಿರೀಕ್ಷಿಸಿತ್ತೆಂದೂ, ಮೊದಲ ವರ್ಷದಲ್ಲಿಯೇ 12.6 ಕೋಟಿ ಡಾಲರ್ ಮಾರಾಟವಾಯಿತೆಂದೂ ಫಾಕ್ ಅವರು 2020ರಲ್ಲಿ ಪ್ರಸಾರವಾದ ‘ದಿ ಲಾಸ್ಟ್ ಡ್ಯಾನ್ಸ್’ ಸಾಕ್ಷ್ಯಚಿತ್ರ ಮಾಲಿಕೆಯಲ್ಲಿ ಹೇಳಿದ್ದಾರೆ. ಪೀಟರ್ ಮೂರ್ ವಿನ್ಯಾಸಗೊಳಿಸಿದ ಮೊದಲ ಮಾದರಿಯ ಬೆಲೆ 1985ರಲ್ಲಿ 65 ಡಾಲರ್. ಕೆಂಪು-ಕಪ್ಪು ಬಣ್ಣದ ಬೂಟು ತಂಡದ ಸಮವಸ್ತ್ರಕ್ಕೆ ಹೊಂದುವುದಿಲ್ಲವೆಂದು ಎನ್‌ಬಿಎ ಆಕ್ಷೇಪಿಸಿದ್ದು ಕಂಪನಿಗೆ ವರವಾಯಿತು. ಆಟದ ಅಂಕಣದಲ್ಲಿ ನಿಷೇಧವಿರಬಹುದು, ಗ್ರಾಹಕರಿಗೇನೂ ಇಲ್ಲವಲ್ಲ ಎಂಬ ಅರ್ಥದ ಜಾಹೀರಾತನ್ನು ನೈಕಿ ಹೊರಡಿಸಿತು. ಆಕ್ಷೇಪಕ್ಕೊಳಗಾದದ್ದು ಏರ್ ಜೋರ್ಡನ್ ಅಲ್ಲ, ಅದಕ್ಕೂ ಮುಂಚೆ ಜೋರ್ಡನ್ ತೊಡುತ್ತಿದ್ದ ‘ಏರ್ ಶಿಪ್’ ಎಂಬ ಬೂಟು ಎಂದು ಹಲವು ಸಂಶೋಧಕರು ವಾದಿಸಿದ್ದಾರೆ. ಮಾರುಕಟ್ಟೆಗೆ ಆ ಜಿಜ್ಞಾಸೆ ಬೇಕಿರಲಿಲ್ಲ.

ಹಿನ್ನಡೆ ಮತ್ತು ಚೇತರಿಕೆ

ಯಶಸ್ಸು ಕೈಗೆ ಬಂದೊಡನೆ ಕಂಪನಿ ಮಾಡಿದ ಕೆಲಸವನ್ನು ಯಾವ ವರ್ತಕರೂ ಊಹಿಸಬಲ್ಲರು: ಬೇಡಿಕೆಗಿಂತ ಹೆಚ್ಚು ಉತ್ಪಾದನೆ. ಅದೇ ವೇಳೆಗೆ, 1985ರ ಅಕ್ಟೋಬರ್‌ನಲ್ಲಿ, ಜೋರ್ಡನ್ ಅವರ ಪಾದದ ಮೂಳೆ ಮುರಿದು ಆ ಋತುವಿನ 64 ಪಂದ್ಯಗಳು ತಪ್ಪಿಹೋದವು. ಮೊದಲ ಮಾದರಿಯ ಉಳಿಕೆ ದಾಸ್ತಾನು ರಿಯಾಯಿತಿ ದರದ ಕಪಾಟುಗಳಿಗೆ ಇಳಿಯಿತು. 1986ರ ಎರಡನೆಯ ಮಾದರಿಯನ್ನು ಇಟಲಿಯಲ್ಲಿ ತಯಾರಿಸಿ, ನೈಕಿಯ ಪ್ರಸಿದ್ಧ ಚಿಹ್ನೆಯನ್ನೂ ಪಕ್ಕದಿಂದ ತೆಗೆದು, 100 ಡಾಲರ್ ಬೆಲೆ ಇಡಲಾಯಿತು. ಅದು ಮೊದಲನೆಯದರಷ್ಟು ಮನಸೆಳೆಯಲಿಲ್ಲ. 1987ರಲ್ಲಿ ವಿನ್ಯಾಸಕ ಮೂರ್ ಮತ್ತು ಒಪ್ಪಂದದ ರೂವಾರಿಗಳಲ್ಲೊಬ್ಬರಾದ ರಾಬ್ ಸ್ಟ್ರಾಸರ್ ಕಂಪನಿಯನ್ನೇ ತೊರೆದರು. ಜೋರ್ಡನ್ ಅವರೂ ಹೊರನಡೆಯುವ ಆಲೋಚನೆಯಲ್ಲಿದ್ದರು.

ಈ ಸಂಧಿಕಾಲದಲ್ಲಿ ಜವಾಬ್ದಾರಿ ಟಿಂಕರ್ ಹ್ಯಾಟ್‌ಫೀಲ್ಡ್ ಅವರ ಹೆಗಲಿಗೆ ಬಿತ್ತು. ಹ್ಯಾಟ್‌ಫೀಲ್ಡ್ ಶಿಕ್ಷಣದಿಂದ ಕಟ್ಟಡ ವಾಸ್ತುಶಿಲ್ಪಿ. ನೈಕಿಗೆ ಸೇರಿದ್ದು ಕಚೇರಿ ಕಟ್ಟಡಗಳನ್ನು ರೂಪಿಸಲು. ಬೂಟು ತೊಡುವವನನ್ನೇ ಕೇಳಿ ಬೂಟು ರೂಪಿಸುವುದು ಅವರ ಕ್ರಮವಾಗಿತ್ತು. ಜೋರ್ಡನ್ ಅವರು ಪ್ರತಿ ಪಂದ್ಯಕ್ಕೂ ಹೊಸ ಜೊತೆ ತೊಡುವ ಅಭ್ಯಾಸದವರಾದ್ದರಿಂದ, ಪಳಗಿಸುವ ಅಗತ್ಯವಿಲ್ಲದ ಮೆತ್ತನೆಯ ಚರ್ಮ ಬೇಕಾಗಿತ್ತು. ತೂಕ ಕಡಿಮೆಯಿರಬೇಕಿತ್ತು, ಹಿಮ್ಮಡಿಯ ಎತ್ತರ ಮಧ್ಯಮವಾಗಿರಬೇಕಿತ್ತು. 1988ರ ಮೂರನೆಯ ಮಾದರಿಯಲ್ಲಿ ಇವೆಲ್ಲ ಬಂದವು. ಜೊತೆಗೆ ಆನೆಯ ಚರ್ಮವನ್ನು ಹೋಲುವ ಬೂದುಬಣ್ಣದ ವಿನ್ಯಾಸ, ಅಟ್ಟೆಯಲ್ಲಿ ಹೊರಗೆ ಕಾಣುವ ಗಾಳಿಚೀಲ, ಕಾಲುಗಳನ್ನು ಅಗಲಿಸಿ ಚೆಂಡನ್ನು ಮೇಲೆತ್ತಿ ಹಾರುವ ಮನುಷ್ಯಾಕೃತಿಯ ‘ಜಂಪ್‌ಮನ್’ ಚಿಹ್ನೆಯೂ ಸೇರಿದವು. ಅದೇ ವರ್ಷ ಷಿಕಾಗೋದಲ್ಲಿ ನಡೆದ ಆಲ್‌ಸ್ಟಾರ್ ಸ್ಪರ್ಧೆಯಲ್ಲಿ ಜೋರ್ಡನ್ ಈ ಬೂಟು ತೊಟ್ಟು ಫ್ರೀ ಥ್ರೋ ಗೆರೆಯಿಂದ ಜಿಗಿದರು. ಚಿತ್ರನಿರ್ದೇಶಕ ಸ್ಪೈಕ್ ಲೀ ಅವರ ಜಾಹೀರಾತುಗಳು ಉಳಿದುದನ್ನು ಪೂರೈಸಿದವು.

ಆ ಚಿಹ್ನೆಯ ವೆಚ್ಚದ ಬಗೆಗೆ ಒಂದು ಮಾತು. ಛಾಯಾಗ್ರಾಹಕ ಜೇಕೋಬಸ್ ರೆಂಟ್‌ಮೀಸ್ಟರ್ ಅವರು 1984ರಲ್ಲಿ ಲೈಫ್ ಪತ್ರಿಕೆಗಾಗಿ ಜೋರ್ಡನ್ ಅವರನ್ನು ಇಂತಹುದೇ ಭಂಗಿಯಲ್ಲಿ ಸೆರೆಹಿಡಿದಿದ್ದರು. ಆ ಚಿತ್ರಗಳ ತಾತ್ಕಾಲಿಕ ಬಳಕೆಗೆ ನೈಕಿ ಅವರಿಗೆ 150 ಡಾಲರ್ ನೀಡಿತು. ನಂತರ ತಾನೇ ಷಿಕಾಗೋದಲ್ಲಿ ಬೇರೊಂದು ಚಿತ್ರ ತೆಗೆಸಿ, ಅದರಿಂದ ಚಿಹ್ನೆ ರೂಪಿಸಿತು. ರೆಂಟ್‌ಮೀಸ್ಟರ್ 2015ರಲ್ಲಿ ದಾವೆ ಹೂಡಿದರು. ಭಂಗಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಎರಡೂ ಚಿತ್ರಗಳ ಅಭಿವ್ಯಕ್ತಿ ಬೇರೆ ಬೇರೆ ಎಂಬ ಕಾರಣದಿಂದ 2018ರಲ್ಲಿ ಮೇಲ್ಮನವಿ ನ್ಯಾಯಾಲಯವು ನೈಕಿಯ ಪರ ತೀರ್ಪಿತ್ತಿತು. 2019ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಆಟಗಾರನಿಂದ ಬೇರ್ಪಟ್ಟ ಹೆಸರು

ವರ್ಷಕ್ಕೊಂದು ಮಾದರಿ, ಪ್ರತಿಯೊಂದಕ್ಕೂ ಕ್ರಮಾಂಕ ಎಂಬ ಪದ್ಧತಿ ನೆಲೆಗೊಂಡಿತು. ಹೊಳೆಯುವ ಪೇಟೆಂಟ್ ಚರ್ಮ ಬಳಸಿದ 1995ರ ಹನ್ನೊಂದನೆಯ ಮಾದರಿ ಹಲವರ ದೃಷ್ಟಿಯಲ್ಲಿ ಶ್ರೇಷ್ಠವಾದದ್ದು. ಷಿಕಾಗೋ ಬುಲ್ಸ್ ತಂಡ 72 ಪಂದ್ಯ ಗೆದ್ದ ಋತುವಿನಲ್ಲಿ ಜೋರ್ಡನ್ ತೊಟ್ಟದ್ದು ಅದನ್ನೇ. ಆದರೆ ವಾಣಿಜ್ಯದ ದೃಷ್ಟಿಯಿಂದ ಹೆಚ್ಚು ಮಹತ್ವದ ಪ್ರಯೋಗ ನಡೆದದ್ದು ಅದರ ಹಿಂದಿನ ವರ್ಷ. 1993ರಲ್ಲಿ ಜೋರ್ಡನ್ ಮೊದಲ ಸಲ ನಿವೃತ್ತರಾದಾಗ, ನೈಕಿ 1994ರಲ್ಲಿ ಹಳೆಯ ಮಾದರಿಗಳನ್ನು ಮತ್ತೆ ತಯಾರಿಸಿ ಮಾರಲು ಯತ್ನಿಸಿತು. ಅವು ಕೊಳ್ಳುವವರಿಲ್ಲದೆ ಅಂಗಡಿಗಳಲ್ಲಿ ಉಳಿದವು. ಮುಂದೊಂದು ದಿನ ಈ ‘ರೆಟ್ರೊ’ ವ್ಯಾಪಾರವೇ ಶ್ರೇಣಿಯ ಬೆನ್ನೆಲುಬಾಗುವುದೆಂದು ಆಗ ಯಾರೂ ಭಾವಿಸಿರಲಾರರು. ಹಳೆಯ ವಿನ್ಯಾಸಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಗ್ರಾಹಕನಿಗೆ ಪರಿಚಯಿಸಬೇಕಿಲ್ಲ, ಬಣ್ಣ ಬದಲಿಸಿದರೆ ಹೊಸ ಸರಕು. ಇಷ್ಟು ಅನುಕೂಲಕರವಾದ ವೆಚ್ಚ ಸ್ವರೂಪ ಪಾದರಕ್ಷೆ ಉದ್ಯಮದಲ್ಲಿ ವಿರಳ.

1997ರಲ್ಲಿ ‘ಜೋರ್ಡನ್ ಬ್ರ್ಯಾಂಡ್’ ಪ್ರತ್ಯೇಕ ವಿಭಾಗವಾಯಿತು. ಮುಂದೆ ಕಾರ್ಮೆಲೊ ಆಂಥೊನಿ, ಕ್ರಿಸ್ ಪಾಲ್, ಲೂಕಾ ಡಾಂಚಿಚ್ ಮೊದಲಾದ ಆಟಗಾರರು ಅದರ ಆಶ್ರಯಕ್ಕೆ ಬಂದರು. 2018ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಫುಟ್‌ಬಾಲ್ ತಂಡದ ಅಂಗಿಯ ಮೇಲೂ ಜಂಪ್‌ಮನ್ ಚಿಹ್ನೆ ಮೂಡಿತು. 2008ರಲ್ಲಿ ಕ್ರಮಾಂಕವು ಜೋರ್ಡನ್ ಅವರ ಅಂಗಿಯ ಸಂಖ್ಯೆಯಾದ 23ಕ್ಕೆ ತಲುಪಿದಾಗ ಎಣಿಕೆ ನಿಲ್ಲಿಸಿ ಕೆಲಕಾಲ ಇಸವಿಯನ್ನೇ ಹೆಸರಾಗಿ ಬಳಸಲಾಯಿತು. 2013ರಲ್ಲಿ ಇಪ್ಪತ್ತೆಂಟನೆಯ ಮಾದರಿಯೊಂದಿಗೆ ಎಣಿಕೆ ಪುನಃ ಆರಂಭವಾಯಿತು.

ಹೆಸರು ಆಸ್ತಿಯಾದೊಡನೆ ಅದರ ಒಡೆತನದ ವ್ಯಾಜ್ಯಗಳೂ ಹುಟ್ಟುತ್ತವೆ. ಚೀನಾದಲ್ಲಿ ‘ಚಿಯಾವೊದಾನ್’ ಎಂಬ ಕಂಪನಿಯು ಜೋರ್ಡನ್ ಹೆಸರಿನ ಚೀನೀ ರೂಪವನ್ನು ತನ್ನದಾಗಿ ನೋಂದಾಯಿಸಿಕೊಂಡಿತ್ತು. ಜೋರ್ಡನ್ ಅವರು 2012ರಲ್ಲಿ ದಾವೆ ಹೂಡಿದರು. 2016ರ ಡಿಸೆಂಬರ್‌ನಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯವು ಚೀನೀ ಅಕ್ಷರಗಳ ರೂಪದ ಮೇಲೆ ಅವರ ಹಕ್ಕನ್ನು ಮಾನ್ಯ ಮಾಡಿತು. ರೋಮನ್ ಲಿಪಿಯಲ್ಲಿ ಬರೆದ ಉಚ್ಚಾರಣೆಯ ಮೇಲೆ ಹಕ್ಕು ದೊರೆಯಲಿಲ್ಲ. ಹೊರದೇಶಕ್ಕೆ ಸರಕು ಕಳುಹಿಸುವವರು ಅಲ್ಲಿನ ಲಿಪಿಯಲ್ಲಿಯೂ ಟ್ರೇಡ್‌ಮಾರ್ಕ್ ನೋಂದಾಯಿಸುವುದನ್ನು ಮುಂದೂಡಬಾರದು.

ಲೆಕ್ಕಪುಸ್ತಕದ ವೈಚಿತ್ರ್ಯ

2001ರ ಜನವರಿಯಲ್ಲಿ ಕನ್ವರ್ಸ್ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. 2003ರಲ್ಲಿ ನೈಕಿ ಅದನ್ನು ಸುಮಾರು 30.5 ಕೋಟಿ ಡಾಲರಿಗೆ ಕೊಂಡಿತು. ಒಂದು ಕಾಲದ ಪ್ರಬಲ ಎದುರಾಳಿಯ ಟ್ರೇಡ್‌ಮಾರ್ಕ್ ಮತ್ತು ಕೀರ್ತಿಮೌಲ್ಯಗಳು ಹೀಗೆ ನೈಕಿಯ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಅಮೂರ್ತ ಆಸ್ತಿಗಳಾಗಿ ದಾಖಲಾದವು. ಜೋರ್ಡನ್ ಹೆಸರಿಗೆ ಅಂತಹ ದಾಖಲೆಯಿಲ್ಲ. ಕೊಂಡ ಹೆಸರಿಗೆ ಬೆಲೆ ಕಟ್ಟಬಹುದು, ಏಕೆಂದರೆ ಕ್ರಯಪತ್ರವಿದೆ. ಮನೆಯಲ್ಲೇ ಬೆಳೆಸಿದ ಹೆಸರಿಗೆ ವಿಶ್ವಾಸಾರ್ಹ ಬೆಲೆ ಇಲ್ಲವೆಂಬುದು ಲೆಕ್ಕಶಾಸ್ತ್ರದ ನಿಲುವು. ನಮ್ಮ ಲೆಕ್ಕಪತ್ರ ಮಾನಕ 26 ಮತ್ತು ಇಂಡ್ ಎಎಸ್ 38 ಸಹ ಸ್ವಂತ ನಿರ್ಮಿತ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸಲು ಅವಕಾಶ ನೀಡುವುದಿಲ್ಲ. ಜಾಹೀರಾತಿನ ಖರ್ಚು ಮತ್ತು ಆಟಗಾರರ ಒಪ್ಪಂದಗಳ ವೆಚ್ಚವನ್ನು ನೈಕಿ ‘ಬೇಡಿಕೆ ಸೃಷ್ಟಿಯ ವೆಚ್ಚ’ ಎಂಬ ಶೀರ್ಷಿಕೆಯಡಿ ಲಾಭ-ನಷ್ಟ ಖಾತೆಗೆ ಹಾಕುತ್ತದೆ.

ಆದರೂ ಆ ಹೆಸರಿನ ಗಾತ್ರವನ್ನು ಅಳೆಯಲು ಕಂಪನಿಯ ವಾರ್ಷಿಕ ವರದಿಯಲ್ಲಿ ಒಂದು ಸಾಲಿದೆ. ಮೇ 31ಕ್ಕೆ ಕೊನೆಗೊಂಡ 2019ರ ಆರ್ಥಿಕ ವರ್ಷದಲ್ಲಿ ಜೋರ್ಡನ್ ಬ್ರ್ಯಾಂಡ್‌ನ ವರಮಾನ ಸುಮಾರು 310 ಕೋಟಿ ಡಾಲರ್. 2022ರಲ್ಲಿ 510 ಕೋಟಿ. 2023ರಲ್ಲಿ ಸುಮಾರು 660 ಕೋಟಿ. ಇವು ‘ಸಗಟು ಸಮಾನ’ ಅಂಕಿಗಳು ಎಂಬುದನ್ನು ಮರೆಯಬಾರದು. ಕಂಪನಿಯ ಸ್ವಂತ ಅಂಗಡಿಗಳಿಗೆ ಹೋದ ಸರಕನ್ನು ಹೊರಗಿನ ಸಗಟು ವ್ಯಾಪಾರಿಗೆ ಮಾರಿದ್ದರೆ ಬರುತ್ತಿದ್ದ ದರದಲ್ಲಿ ಇಲ್ಲಿ ಎಣಿಸಲಾಗಿದೆ. ಇವುಗಳನ್ನು ನೈಕಿಯ ಒಟ್ಟು ವರಮಾನದಿಂದ ಭಾಗಿಸಿ ಶೇಕಡಾವಾರು ಲೆಕ್ಕ ಹಾಕುವುದು ಪತ್ರಿಕೆಗಳಲ್ಲಿ ಸಾಮಾನ್ಯವಾದರೂ ಅದು ಸರಿಯಾದ ಹೋಲಿಕೆಯಲ್ಲ.

ಅಭಾವದ ಬಂಡವಾಳ

ಈ ವರಮಾನದ ಹಿಂದಿರುವ ಶಕ್ತಿ ಅಭಾವ. ಬೇಡಿಕೆಗಿಂತ ಕಡಿಮೆ ಸರಬರಾಜು, ಪೂರ್ವನಿಗದಿತ ದಿನಾಂಕ, ಅಂಗಡಿಯ ಮುಂದೆ ರಾತ್ರಿಯಿಡೀ ಸಾಲು. ಅದಕ್ಕೆ ಸಮಾಜ ತೆತ್ತ ಬೆಲೆ ಸಣ್ಣದಲ್ಲ: 1989ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಹದಿನೈದು ವರ್ಷದ ಬಾಲಕನೊಬ್ಬನನ್ನು ಅವನ ಏರ್ ಜೋರ್ಡನ್ ಬೂಟುಗಳಿಗಾಗಿ ಕೊಲ್ಲಲಾಯಿತು, 2011ರ ಡಿಸೆಂಬರ್‌ನಲ್ಲಿ ಹನ್ನೊಂದನೆಯ ಮಾದರಿ ಮರಳಿ ಬಂದಾಗ ಅಮೆರಿಕದ ಹಲವು ನಗರಗಳಲ್ಲಿ ನೂಕುನುಗ್ಗಲು, ಹೊಡೆದಾಟಗಳಾದವು. ಲಾಭ-ನಷ್ಟ ಖಾತೆಯಲ್ಲಿ ಇಂತಹ ವೆಚ್ಚಕ್ಕೆ ಕಲಮು ಇಲ್ಲ. ಇನ್ನೊಂದು ತುದಿಯಲ್ಲಿ, ಆರು ಚಾಂಪಿಯನ್‌ಷಿಪ್‌ಗಳ ನಿರ್ಣಾಯಕ ಪಂದ್ಯಗಳಲ್ಲಿ ಜೋರ್ಡನ್ ತೊಟ್ಟಿದ್ದ ಆರು ಬೂಟುಗಳು 2024ರ ಫೆಬ್ರುವರಿಯಲ್ಲಿ ಸದಬೀಸ್ ಹರಾಜಿನಲ್ಲಿ ಸುಮಾರು 80 ಲಕ್ಷ ಡಾಲರಿಗೆ ಹೋದವು.

ಅಭಾವವು ಖರ್ಚಾಗುವ ಬಂಡವಾಳ. 2020ರ ನಂತರ ನೈಕಿಯು ಏರ್ ಜೋರ್ಡನ್ 1, ಡಂಕ್, ಏರ್ ಫೋರ್ಸ್ 1 ಎಂಬ ಮೂರು ಹಳೆಯ ವಿನ್ಯಾಸಗಳ ಮೇಲೆ ಅತಿಯಾಗಿ ನೆಚ್ಚಿಕೊಂಡಿತು. ಒಂದೇ ಮಾದರಿ ಹತ್ತಾರು ಬಣ್ಣಗಳಲ್ಲಿ ಬರತೊಡಗಿತು. ಮರುಮಾರಾಟದ ಪೇಟೆಯಲ್ಲಿ ಹೆಚ್ಚುವರಿ ಬೆಲೆ ಕರಗಿತು. ಕೊಂಡವರಿಗೆ ತಮ್ಮಲ್ಲಿರುವುದು ಎಲ್ಲರಲ್ಲೂ ಇದೆ ಎನಿಸಿತು. ಕೊನೆಗೆ ಕಂಪನಿಯೇ ಈ ಮೂರರ ಸರಬರಾಜನ್ನು ಕಡಿತಗೊಳಿಸುವುದಾಗಿ ಹೂಡಿಕೆದಾರರಿಗೆ ತಿಳಿಸಿತು. 2024ರ ಆರ್ಥಿಕ ವರ್ಷದಲ್ಲಿ ಸುಮಾರು 5,140 ಕೋಟಿ ಡಾಲರ್ ಇದ್ದ ನೈಕಿಯ ಒಟ್ಟು ವರಮಾನ 2025ರಲ್ಲಿ ಸುಮಾರು 4,630 ಕೋಟಿಗೆ ಇಳಿಯಿತು. 1986ರ ರಿಯಾಯಿತಿ ಕಪಾಟನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆಗಲೂ ಅತಿಯಾಗಿ ಹರಿದುಬಂದದ್ದು ಇದೇ ಮೊದಲ ಮಾದರಿ.

ಜೋರ್ಡನ್ ಹೆಸರಿನ ಮೌಲ್ಯ ಇದರಿಂದ ಎಷ್ಟು ಸವೆಯಿತೆಂಬುದನ್ನು ನೈಕಿಯ ಆಸ್ತಿ-ಜವಾಬ್ದಾರಿ ಪಟ್ಟಿ ತಿಳಿಸದು. ಆಸ್ತಿಯೆಂದು ದಾಖಲಾಗದುದನ್ನು ತಗ್ಗಿಸಿ ಬರೆಯಲು ಬರುವುದಿಲ್ಲ. ಅನಿರ್ದಿಷ್ಟ ಆಯುಷ್ಯದ ಟ್ರೇಡ್‌ಮಾರ್ಕ್‌ಗಳ ಮೌಲ್ಯ ಕುಸಿದಿದೆಯೇ ಎಂದು ಪ್ರತಿವರ್ಷ ಪರೀಕ್ಷಿಸಬೇಕೆಂಬ ನಿಯಮ ಅನ್ವಯಿಸುವುದು 2003ರಲ್ಲಿ ಕೊಂಡುತಂದ ಕನ್ವರ್ಸ್‌ಗೆ.