ಕೆರೆಗೆ ಇಳಿದ ಗಸ್ತಿನ ವಿಮಾನ

ಡ್ಯಾಮು ತುಂಬಿದಾಗ ಹೊಸಪೇಟೆ ಬಸ್ಸಿನ ಕಿಟಕಿಯಿಂದ ಇಣುಕಿದವರ ಬಾಯಲ್ಲಿ ಒಂದೇ ಮಾತು: ‘ಏನ್ರೀ ಇದು, ಸಮುದ್ರ ಇದ್ದಂಗ ಐತಿ!’ ಆದರೆ ಅಷ್ಟು ನೀರಿನ ಮೇಲೆ ನಾವು ಕಂಡದ್ದು ಹರಿಗೋಲು, ಮೀನಿನ ಬಲೆ ಅಷ್ಟೇ. ನೀರಿಗೆ ವಿಮಾನ ಇಳಿಯುತ್ತದೆ ಎಂದರೆ ಗಂಗಾವತಿಯ ಅಂಗಡಿಕಟ್ಟೆಯಲ್ಲಿ ನಕ್ಕಾರು.

ನಗಬ್ಯಾಡ್ರಿ. ಇಳಿದದ್ದುಂಟು, ಅದೂ ನಮ್ಮ ಬೆಂಗಳೂರಿನ ಕೆರೆಗೇ! 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಅಲ್ಲಿಗೆ ‘ಕ್ಯಾಟಲಿನಾ’ ವಿಮಾನಗಳು ರಿಪೇರಿಗೆ ಬರುತ್ತಿದ್ದವು. ಇಳಿಯಲು ಬೆಳ್ಳಂದೂರು ಕೆರೆ.

ಇದು ಸಮುದ್ರದ ಗಸ್ತಿಗೆಂದೇ ಮಾಡಿದ ವಿಮಾನ. ಅಮೆರಿಕದಲ್ಲಿ 1935ರಲ್ಲಿ ಪ್ರಯೋಗಕ್ಕೆಂದು ಮೊದಲು ಹಾರಿತು. ರೆಕ್ಕೆಯಗಲ 104 ಅಡಿ. ಓಟ ಗಂಟೆಗೆ ಸುಮಾರು 200 ಕಿ.ಮೀ. ಮಾತ್ರ; ಆದರೆ ಹಗಲೂ ರಾತ್ರಿಯೂ ಹಾರುವ ತಾಳಿಕೆ. ಹೊಟ್ಟೆ ದೋಣಿಯಂತೆ, ಅದರಡಿ ಒಂದು ಮೆಟ್ಟಿಲು. ಒದ್ದೆ ಗಾಜಿಗೆ ಗಾಜು ಅಂಟುವಂತೆ ನೀರು ತಳವನ್ನು ಹಿಡಿದುಕೊಳ್ಳುತ್ತದೆ. ವೇಗ ಏರಿದಾಗ ಮೆಟ್ಟಿಲ ಹಿಂದೆ ಗಾಳಿ ನುಗ್ಗಿ ಆ ಹಿಡಿತ ಬಿಡಿಸುತ್ತದೆ. ಆಗಲೇ ವಿಮಾನ ಮೇಲೇಳುವುದು.

1942ರ ಏಪ್ರಿಲ್ 4ರಂದು ಸಿಂಹಳದ ದಕ್ಷಿಣಕ್ಕೆ ಇಂಥದೇ ಒಂದು ಕ್ಯಾಟಲಿನಾ ಗಸ್ತು ತಿರುಗುತ್ತಿತ್ತು. ಕೆನಡಾದ ಬರ್ಚಲ್ ಅದರ ನಾಯಕ. ಕಂಡದ್ದು ಜಪಾನಿ ನೌಕಾಪಡೆ! ವೈರ್‌ಲೆಸ್‌ನಲ್ಲಿ ಸುದ್ದಿ ಮುಟ್ಟಿಸುವಷ್ಟರಲ್ಲಿ ವಿಮಾನವನ್ನು ಹೊಡೆದುರುಳಿಸಿದರು. ಬರ್ಚಲ್ ಸೆರೆಯಾದ. ಆದರೆ ಮರುದಿನ ಬಾಂಬು ಬೀಳುವ ಮೊದಲೇ ಕೊಲಂಬೊಗೆ ಎಚ್ಚರಿಕೆ ತಲುಪಿತ್ತು.

ಆ ಬೆಳ್ಳಂದೂರು ಕೆರೆಯ ಗತಿ? ಕೊಳಚೆ ಸೇರಿ ನೊರೆ ಉಕ್ಕಿತು, 2017ರಲ್ಲಿ ನೀರಿನ ಮೇಲೇ ಬೆಂಕಿ ಎದ್ದಿತು. ಇತ್ತ 2024ರ ನವೆಂಬರ್ 9ರಂದು ವಿಜಯವಾಡದಿಂದ ಶ್ರೀಶೈಲಕ್ಕೆ ನೀರವಿಮಾನ ಪರೀಕ್ಷೆಗೆ ಹಾರಿತು. ಅದು ಇಳಿದ ಜಲಾಶಯಕ್ಕೆ ನಮ್ಮ ತುಂಗಭದ್ರೆಯೂ ಸೇರುತ್ತಾಳೆ.

‘ಹಂಗಾದ್ರ ನಮ್ಮ ಡ್ಯಾಮಿಗೂ ಒಂದು ಬರಲಿ’ ಎನ್ನುವವರಿದ್ದಾರೆ. ಬರಲಿ, ಬೇಡ ಅನ್ನುವವರ್ಯಾರು? ಆದರೆ ಅದೇ ವರ್ಷ ಆಗಸ್ಟ್ 10ರ ರಾತ್ರಿ ಏನಾಯಿತು? ಸರಪಳಿಯ ಕೊಂಡಿ ಕಳಚಿ 19ನೇ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿಗೇ ತಡೆಹಲಗೆ ಇಳಿಸಿ ನಿಲ್ಲಿಸಲು ವಾರವೇ ಬೇಕಾಯಿತು. ಅಷ್ಟೂ ದಿನ ಎಡದಂಡೆಯ ಭತ್ತದವನಿಗೂ ರೈಸ್‌ಮಿಲ್ಲಿನವನಿಗೂ ಒಂದೇ ಚಿಂತೆ.

ಕ್ಯಾಟಲಿನಾದ ಹಿರಿಮೆ ಅದರ ವೇಗದಲ್ಲಿರಲಿಲ್ಲ, ಬಿಡದೆ ನೋಡುವುದರಲ್ಲಿತ್ತು. ನಮ್ಮ ಡ್ಯಾಮಿನಲ್ಲಿ 33 ಗೇಟುಗಳಿವೆ. ಆಕಾಶದ ಗಸ್ತು ಆಮೇಲೆ ನೋಡೋಣ. ಸರಪಳಿಯ ಗಸ್ತು ಮೊದಲಾಗಲಿ!