ಪಂಚಮಿ ಹಬ್ಬ, ಪ್ಯಾಟಿ ಲೆಕ್ಕ

ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಶಹಾಪುರ, ಸುರಪುರ, ಯಾದಗಿರಿ ಕಡೆ ಅಣ್ಣ ಕರೆಯಾಕ ಬರ್ತಾನ. ತಂಗಿ ತವರಿಗೆ ಹೋಗ್ತಾಳ. ಎಳ್ಳುಂಡಿ, ಶೇಂಗಾ ಉಂಡಿ, ಜೋಳದ ಅಳ್ಳು ಮನೆಯಲ್ಲೇ ಆಗುತ್ತವೆ. ಗಿಡಕ್ಕೆ ಜೋಕಾಲಿ ಕಟ್ಟುತ್ತಾರೆ. ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ.

ಈಗ ಪ್ಯಾಟಿಯವರು ಹಬ್ಬವನ್ನೂ ಮಾರುತ್ತಾರೆ. ಭಾರಿ ಸೀರೆ ತಂದರೇ ಪ್ರೀತಿ ಎನ್ನುವಂತಾಗಿದೆ. ಆದರೆ ಶ್ರಾವಣದಲ್ಲಿ ರೈತನ ಕೈ ಖಾಲಿ. ತೊಗರಿ, ಹತ್ತಿ ಇನ್ನೂ ಹೊಲದಲ್ಲಿವೆ. ಅಣ್ಣ ಸಾಲ ಮಾಡುತ್ತಾನೆ.

ಲೆಕ್ಕ ಮಾಡೋಣ. ಸಾಲ 2,000 ರೂಪಾಯಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ತಿಂಗಳಿಗೆ 60 ರೂಪಾಯಿ. ವರ್ಷಕ್ಕೆ 720 ರೂಪಾಯಿ. ಬಡ್ಡಿ ಕಟ್ಟಿದರೂ ಅಸಲು ಹಾಗೇ ಉಳಿಯುತ್ತದೆ.

ಸಾಲ ಸಿಗದ ಅಣ್ಣ ನಾಚಿಕೊಂಡು ಬರುವುದೇ ಇಲ್ಲ. ತಂಗಿ ಬಾಗಿಲಲ್ಲಿ ನಿಂತು ದಾರಿ ನೋಡುತ್ತಾಳೆ.

ಬೇರೆ ದೇಶದಲ್ಲೂ ಹೀಗೇ ಆಗಿದೆ. ಅಮೆರಿಕದಲ್ಲಿ 1908ರಲ್ಲಿ ಆನಾ ಜಾರ್ವಿಸ್ ಎಂಬ ಹೆಣ್ಣುಮಗಳು ತಾಯಂದಿರ ದಿನ ಆರಂಭಿಸಿದಳು. ವ್ಯಾಪಾರಿಗಳು ಆ ದಿನದ ಹೂವಿನ ಬೆಲೆ ಏರಿಸಿದರು. ಆಕೆ ಅವರ ವಿರುದ್ಧ ಹೋರಾಡಿದಳು.

ಅಕ್ಕ-ತಂಗಿಯರೇ, ಈಗ ನಿಮಗೆ ಬರೆಯಲು ಬರುತ್ತದೆ. ಪಂಚಮಿಗೆ ಮೊದಲೇ ಅಣ್ಣನಿಗೆ ಒಂದು ಕಾರ್ಡು ಬರೆಯಿರಿ:

"ಅಣ್ಣಾ, ಸೀರಿ ಬ್ಯಾಡ. ಸಾಲ ಮಾಡಬ್ಯಾಡ. ನೀ ಕರೆಯಾಕ ಬಾ. ಅಷ್ಟೇ ಸಾಕು."